ಹೊತ್ತು ಮುಳುಗುವ ಮುನ್ನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸೋಮವಾರ, ಗುರುವಾರಗಳೆಂದರೆ ಜಾತ್ರೆ. ಡಬ್ಬಿ, ಕಡ್ಡಿ ಕಾಯಿಗಳ ಲಾಟು ನೋಡಿ ದರ ಬರೆಯುವುದು, ಟೆಂಡರಿನ ಫಲಕ್ಕೆ ಕಾಯುವುದು, ಅನಂತರ ತೂಕ, ಚೀಲ, ಲಾರಿ, ಲೆಕ್ಕ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಸುಗ್ಗಿಯಲ್ಲಿ ದಲಾಲಿ ಅಂಗಡಿಗಳ ದೀಪ ಬೇಗ ಆರುವುದಿಲ್ಲ.

ಇಂಥ ಅಂಗಡಿಯ ಶ್ರಾವಕನು ರಾತ್ರಿಭೋಜನ ತ್ಯಾಗವನ್ನು ತಪ್ಪದೆ ಪಾಲಿಸುತ್ತಾನೆ. ಸಂಜೆ ಮನೆಯಿಂದ ಬುತ್ತಿ ಬರುತ್ತದೆ. ಗಾದಿಯ ಮೂಲೆಯಲ್ಲಿ, ತೂಕದ ಕಾಟಾದ ಮೇಲೆ ಒಂದು ಕಣ್ಣಿಟ್ಟು ಉಣ್ಣುತ್ತಾನೆ. ವ್ರತ ಉಳಿಯಿತು. ಅವನು ಮನೆ ಸೇರುವಾಗ ಮಕ್ಕಳು ನಿದ್ದೆಯಲ್ಲಿರುತ್ತಾರೆ.

ಚಾವುಂಡರಾಯನು ಚಾರಿತ್ರಸಾರದಲ್ಲಿ ಈ ತ್ಯಾಗವನ್ನು ಆರನೆಯ ಅಣುವ್ರತವೆಂದು ಎಣಿಸಿದ್ದಾನೆ. ಅದರ ಬೇರು ಅಹಿಂಸೆಯಲ್ಲಿದೆ: ಕತ್ತಲಲ್ಲಿ ಕಾಣದ ಜೀವಗಳು ಅನ್ನದಲ್ಲಿ ಬಿದ್ದು ಸಾಯಬಾರದು. ಕುಟುಂಬದ ಮಾತು ಅಲ್ಲಿಲ್ಲ. ಆದರೂ ಹೊತ್ತು ಮುಳುಗುವ ಮೊದಲು ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂಡುವುದು ಆ ವ್ರತದೊಡನೆ ಬಂದ ಲಾಭ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಕೊಸರು. ಬುತ್ತಿಯ ಡಬ್ಬಿ ಆ ಕೊಸರನ್ನಷ್ಟೇ ಕಳೆಯಿತು.

ಅಮೆರಿಕದ ಕ್ಯಾಸ್ಟಿಂಗ್ ಕ್ರೌನ್ಸ್ ಎಂಬ ಕ್ರೈಸ್ತ ರಾಕ್ ಸಂಗೀತ ತಂಡವು 2003ರಲ್ಲಿ ‘ಅಮೆರಿಕನ್ ಡ್ರೀಮ್’ ಎಂಬ ಹಾಡನ್ನು ಹೊರತಂದಿತು. ಹಾಡಿನ ತಂದೆ ದುಷ್ಟನಲ್ಲ. ಮನೆಯವರಿಗಾಗಿಯೇ ದುಡಿಯುತ್ತಾನೆ, ಮಕ್ಕಳ ಪಾಲಿನ ಹೊತ್ತನ್ನು ಮುಂದೂಡುತ್ತಲೇ ಹೋಗುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಬರುವ, ಮರಳ ಮೇಲೆ ಕಟ್ಟಿದ ಮನೆಯ ದೃಷ್ಟಾಂತ ಅದರ ಹಿನ್ನೆಲೆ. ಅಬ್ಬರದ ವಾದ್ಯಗಳು ನಮ್ಮ ಹಿರಿಯರಿಗೆ ಹಿಡಿಸಲಿಕ್ಕಿಲ್ಲ. ಆ ತಂದೆಯ ಗುರುತು ಮಾತ್ರ ಪೇಟೆಯಲ್ಲಿ ಯಾರಿಗೂ ಸಿಕ್ಕೀತು.

ಶ್ರಾವಕಾಚಾರದಲ್ಲಿ ಇದಕ್ಕೆ ಹತ್ತಿರದ ಔಷಧವೆಂದರೆ ಪರಿಗ್ರಹ ಪರಿಮಾಣ. ಬ್ಯಾಡಗಿಯ ಅಂಗಡಿ ಸಾಲದೆ ರಾಣೇಬೆನ್ನೂರಿನಲ್ಲಿ ಬೀಜದ ವ್ಯವಹಾರ, ಹಾವೇರಿಯಲ್ಲಿ ಗೋದಾಮು. ಮೂರೂ ಒಂದೇ ರೈಲು ಮಾರ್ಗದ ಊರುಗಳು, ‘ಹೋಗಿ ಬರುವುದೇನು ಮಹಾ’ ಎನ್ನಿಸುತ್ತದೆ. ದಿಗ್ವ್ರತದ ಮಿತಿಯೊಳಗೇ ಇದ್ದರೂ ದಿನದ ಮಿತಿ ಮೀರುತ್ತದೆ. ಪರಿಮಾಣವನ್ನು ಎಂದೂ ಮುಟ್ಟಲಾಗದಷ್ಟು ಎತ್ತರದಲ್ಲಿ ಬರೆದಿಡುವ ಜಾಣ್ಮೆಯೂ ಅಪರಿಚಿತವಲ್ಲ.

ಹಾಗೆಂದು ಸಂಜೆಯಾದೊಡನೆ ಬಾಗಿಲು ಹಾಕೆನ್ನುವುದು ನ್ಯಾಯವಲ್ಲ. ಬಳ್ಳಾರಿ, ರಾಯಚೂರುಗಳಿಂದ, ಆಂಧ್ರದಿಂದ ಮಾಲು ತಂದ ರೈತ ಪಟ್ಟಿಯ ಹಣಕ್ಕಾಗಿ ಜಗಲಿಯಲ್ಲಿ ಕಾದಿರುತ್ತಾನೆ. ಅವನಿಗೂ ಮಕ್ಕಳಿದ್ದಾರೆ, ಅವನನ್ನು ಕಾಯಿಸಿ ತನ್ನ ಮಕ್ಕಳೊಡನೆ ಉಣ್ಣುವುದು ಯಾವ ಧರ್ಮ? ಸೋಮವಾರ, ಗುರುವಾರಗಳ ರಾತ್ರಿಯನ್ನು ಪೇಟೆಗೆ ಬಿಡಬೇಕಾದೀತು. ಉಳಿದ ಐದು ಸಂಜೆಗಳಲ್ಲಿ ಗಾದಿಯ ಮೇಲೆ ಕೂಡಿಸುವುದು ಹೆಚ್ಚಾಗಿ ರೂಢಿಯೇ ಹೊರತು ರೈತನಲ್ಲ.

ಬಸದಿಯ ಟ್ರಸ್ಟಿನವರು ಆ ಐದರಲ್ಲೊಂದು ಸಂಜೆಗೆ ಸಭೆ ಕರೆಯುವಾಗ, ಸದಸ್ಯನ ಮನೆಯಲ್ಲಿ ಊಟಕ್ಕೆ ಕುಳಿತವರು ಯಾರ ದಾರಿ ನೋಡುತ್ತಿದ್ದಾರೆಂದು ವಿಚಾರಿಸಿಕೊಳ್ಳಬಹುದು.