ಲೇಖನಿಯನ್ನು ಕಡೆಯುವವನು

'ಲೇಖನಿ' ಎಂಬ ಶಬ್ದವು 'ಲಿಖ್' ಧಾತುವಿನಿಂದ ಹುಟ್ಟಿದುದು. ಗೀರು, ಕೆರೆ ಎಂಬುದೇ ಆ ಧಾತುವಿನ ಮೊದಲ ಅರ್ಥ. ಉಕ್ಕಿನ ಕಂಟದಿಂದ ತಾಳೆಯೋಲೆಯ ಮೇಲೆ ಅಕ್ಷರಗಳನ್ನು ಗೀರಿ, ಬಳಿಕ ಮಸಿಯನ್ನು ಸವರಿ ಒರಸುತ್ತಿದ್ದ ಪ್ರಾಚೀನರಿಗೆ ಈ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಲೆಯು ಹೋಗಿ ಕಾಗದವು ಬಂದ ಮೇಲೆ ಕೆರೆಯುವ ಕೆಲಸವು ಬರೆಯುವವನ ಕೈಬಿಟ್ಟಿತು. ಆದರೆ ಲೇಖನಿಯನ್ನು ಮಾಡುವವನ ಕೈಯಲ್ಲಿ ಅದು ಉಳಿದುಕೊಂಡಿದೆ.

ಕನ್ನಡಿಗರು ಮೊಸರನ್ನೂ ಕಡೆಯುವರು, ಮರವನ್ನೂ ಕಡೆಯುವರು. ಚನ್ನಪಟ್ಟಣದ ಗೊಂಬೆಯ ಕೆಲಸಗಾರರು ಬಿಲ್ಲಿನ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಹಾಲೆಮರದ ತುಂಡನ್ನು ತಿರುಗಿಸುತ್ತಿದ್ದ ಹಳೆಯ ಕ್ರಮವನ್ನು ನೆನೆದರೆ, ಎರಡು ಕೆಲಸಗಳಿಗೂ ಒಂದೇ ಮಾತು ಸಲ್ಲುವುದೇಕೆಂಬುದು ತಾನೇ ತಿಳಿಯುವುದು. ದೌತಿಯಲ್ಲಿ ಅದ್ದಿ ಬರೆಯುವ ಲೇಖನಿಯ ಹಿಡಿಗೆ ಇಂಥ ಮರವೇ ಸಾಕು. ಹೊಟ್ಟೆಯಲ್ಲಿಯೇ ಮಸಿಯನ್ನು ತುಂಬಿಕೊಳ್ಳುವ ಫೌಂಟನ್ ಪೆನ್ನಿಗಾದರೋ ಬರಿಯ ಮರವು ಒದಗದು. ಅದು ಮಸಿಯನ್ನು ಹೀರಿ ಉಬ್ಬುವುದು, ಒಣಗಿ ಬಿರಿಯುವುದು. ಆದುದರಿಂದ ಮರದ ಪೆನ್ನಿನೊಳಗೆ ಬೇರೊಂದು ಕೊಳವೆಯನ್ನು ಕೂಡಿಸಬೇಕು. ಇಲ್ಲವೇ ಎಬೊನೈಟನ್ನು ಆಶ್ರಯಿಸಬೇಕು.

ಎಬೊನೈಟೆಂಬುದು ರಬ್ಬರಿಗೆ ಗಂಧಕವನ್ನು ಧಾರಾಳವಾಗಿ ಬೆರಸಿ ಕಾಯಿಸಿ ಗಟ್ಟಿಮಾಡಿದ ಪದಾರ್ಥ. ಕರಿಮರದ ಹೋಲಿಕೆಯಿಂದ ಅದಕ್ಕೆ ಆ ಹೆಸರು ಬಂದಿದೆ. ಉಳಿಯನ್ನು ತಾಗಿಸಿದೊಡನೆಯೇ ಗಂಧಕದ ವಾಸನೆಯು ಹೊಮ್ಮುವುದು. ಮಸಿಯು ಅದನ್ನು ಕೆಡಿಸಲಾರದು. ಮೇಲಾಗಿ ಅದು ಕೈಯ ಕಾವನ್ನು ಬೇಗನೆ ಒಳಕ್ಕೆ ಬಿಡದಾದುದರಿಂದ, ಒಳಗಿನ ಗಾಳಿಯು ಹಿಗ್ಗಿ ಮಸಿಯನ್ನು ಹೊರದೂಡಿ ಕಾಗದವನ್ನು ಕೆಡಿಸುವ ಭಯವು ಕಡಮೆ.

ಈ ವಿದ್ಯೆಗೆ ಹೆಸರಾದ ಊರು ಗೋದಾವರೀ ತೀರದ ರಾಜಮಹೇಂದ್ರವರ. ೧೯೨೧ರಲ್ಲಿ ಗಾಂಧೀಜಿಯವರು ಸ್ವದೇಶದಲ್ಲಿಯೇ ಉಪಯುಕ್ತ ವಸ್ತುಗಳನ್ನು ಮಾಡಬೇಕೆಂದು ಬೋಧಿಸಿದುದೇ ಅಲ್ಲಿಯ ಕೆ. ವಿ. ರತ್ನಂ ಅವರ ಲೇಖನೀನಿರ್ಮಾಣಕ್ಕೆ ಪ್ರೇರಣೆಯಾಯಿತೆಂದು ಆ ಮನೆತನದವರು ಹೇಳುತ್ತ ಬಂದಿರುವರು. ಅವರು ಮಾಡಿದ ಪೆನ್ನು ಗ್ರಾಮೋದ್ಯೋಗ ಸಂಘದ ಕುಮಾರಪ್ಪನವರ ಮೂಲಕ ಗಾಂಧೀಜಿಯವರನ್ನು ಸೇರಿತು. ಅದರಿಂದ ಬರೆದು ನೋಡಿ, ಅಂಗಡಿಗಳಲ್ಲಿ ಕಾಣುವ ವಿದೇಶೀ ಪೆನ್ನುಗಳಿಗೆ ಅದು ಬದಲಾಗಿ ನಿಲ್ಲಬಲ್ಲುದೆಂದು ೧೯೩೫ರ ಜುಲೈ ತಿಂಗಳಿನಲ್ಲಿ ಅವರು ಉತ್ತರ ಬರೆದರು. ಆ ಊರಿನಲ್ಲಿ ಎಬೊನೈಟನ್ನು ಕಡೆಯುವ ಕೆಲಸವು ಇಂದಿಗೂ ನಡೆದಿದೆ.

ವಾಚಕರು ಅಂಥ ಪೆನ್ನನ್ನು ಕಂಡರೆ ಅದರ ನುಣುಪನ್ನೇ ಮೊದಲು ಮೆಚ್ಚುವರು. ಕಡೆಯುವವನ ಶ್ರಮವೆಲ್ಲ ಇರುವುದು ಕಣ್ಣಿಗೆ ಬೀಳದ ಎಡೆಯಲ್ಲಿ. ಕೋಲನ್ನು ನಟ್ಟನಡುವೆ ಕೊರೆಯಬೇಕು. ಕೂದಲೆಳೆಯಷ್ಟು ಓರೆಯಾದರೂ ಒಂದು ಮಗ್ಗುಲು ತೆಳುವಾಗುವುದು. ಒಳಗೂ ಹೊರಗೂ ತಿರುಪಿನ ಗೆರೆಗಳನ್ನು ಒಂದಕ್ಕೊಂದು ಒಪ್ಪುವಂತೆ ಕೊಯ್ಯಬೇಕು. ಸಡಿಲವಾದರೆ ಮಸಿಯು ಜೇಬಿಗೆ ಇಳಿಯುವುದು. ನಿಬ್ಬಿನ ಕೆಳಗಣ ನಾಲಗೆಯದು ಇನ್ನೂ ಸೂಕ್ಷ್ಮ. ಮಸಿಯು ಇಳಿದಷ್ಟೂ ಗಾಳಿಯು ಒಳಗೇರಬೇಕೆಂಬ ತತ್ತ್ವವನ್ನು ಅನುಸರಿಸಿ ಅಮೆರಿಕದ ವಾಟರ್‌ಮನ್ನನು ೧೮೮೪ರಲ್ಲಿ ತನ್ನ ಪೆನ್ನಿಗೆ ಹಕ್ಕುಪತ್ರವನ್ನು ಪಡೆದನು. ನಾಲಗೆಯ ಕಾಲುವೆಯು ಅಗಲವಾದರೆ ಮಸಿಯು ತೊಟ್ಟಿಕ್ಕುವುದು, ಕಿರಿದಾದರೆ ಅಕ್ಷರವು ಅರ್ಧದಲ್ಲಿಯೇ ಒಣಗುವುದು. ಬರೆಯುವವನಾದರೋ ಈ ಕಾಲುವೆಯನ್ನು ಒಮ್ಮೆಯೂ ನೋಡಿರುವುದಿಲ್ಲ.

ಬರೆದು ಬಿಸಾಡುವ ಪೆನ್ನು ಇಂದು ಕೆಲವೇ ರೂಪಾಯಿಗಳಿಗೆ ಸಿಕ್ಕುವುದು. ಅದರಿಂದ ಬಡ ವಿದ್ಯಾರ್ಥಿಗೆ ಆದ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದು ಕೆಟ್ಟರೆ ಕೇಳುವವರಿಲ್ಲ. ಅದನ್ನು ಇಂಥವನು ಮಾಡಿದನೆಂದು ಬೆರಳುಮಾಡಿ ತೋರಿಸುವಂತಿಲ್ಲ. ಕಡೆದ ಪೆನ್ನು ಸೋರಿದರೆ ಅದನ್ನು ಮಾಡಿದ ಕೈಗೇ ಮರಳಿ ಒಪ್ಪಿಸಬಹುದು. ಅವನು ಸವೆದ ಗೆರೆಯನ್ನು ಉಗುರಿನಿಂದ ತಡವಿ ನೋಡಿ, ತನ್ನ ಕೆಲಸಕ್ಕೆ ತಾನೇ ಹೊಣೆಯಾಗಿ, ಅದನ್ನು ಸರಿಪಡಿಸಿಕೊಡುವನು.

ಈ ಹೊಣೆಗಾರಿಕೆಯು ಉಳಿಯುವುದೂ ಅಳಿಯುವುದೂ ಕೊಳ್ಳುವವರ ಕೈಯಲ್ಲಿದೆ. ಕೇಳುವವರೇ ಇಲ್ಲದಿದ್ದರೆ ಕಡೆಯುವವನ ಮಗನು ಬೇರೆ ಜೀವನವನ್ನು ಹುಡುಕಿಕೊಂಡು ಹೋಗುವನು. ಅದಕ್ಕಾಗಿ ಅವನನ್ನು ದೂರುವಂತಿಲ್ಲ. ಮಗುವಿನ ಅಕ್ಷರವು ಕೊಂಚ ತಿದ್ದಿದ ಮೇಲೆ ಗೃಹಸ್ಥನು ಇಂಥ ಒಂದು ಪೆನ್ನನ್ನು ಕೊಡಿಸಿ, ವಾರಕ್ಕೊಮ್ಮೆ ತೊಳೆಯುವುದನ್ನೂ ಮಸಿ ತುಂಬುವುದನ್ನೂ ಕಲಿಸಲಿ. ಬೆರಳಿಗೆ ಒಂದಿಷ್ಟು ಮಸಿ ತಾಗುವುದು, ತಾಗಲಿ.