ಅಪ್ಪನ ಸಾವು ಮತ್ತು ಐರ್ಲೆಂಡಿನ ಮುಯ್ಯಾಳು

ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಇಲ್ಲಿ ಮಧ್ಯರಾತ್ರಿ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಆಗಲೇ ಬೆಳಗಿನ ಜಾವ. ಇಲ್ಲಿಂದ ಡಬ್ಲಿನ್‌ಗೇ ಕಾರಿನಲ್ಲಿ ನಾಲ್ಕು ಗಂಟೆ. ಆಮೇಲೆ ವಿಮಾನ. ಅಣ್ಣ ಹೇಳಿದ, "ಕಾಯೋಕಾಗಲ್ಲ ಕಣೋ, ಮಧ್ಯಾಹ್ನದೊಳಗೆ ಮುಗಿಸ್ತೀವಿ."

ನಾವಿರೋದು ಐರ್ಲೆಂಡಿನ ಡೊನೆಗಲ್ ಜಿಲ್ಲೆಯ ಗ್ಲೆನ್‌ಕೊಲಮ್‌ಕಿಲ್ ಎಂಬ ಹಳ್ಳಿಯಲ್ಲಿ. ಒಂದು ಕಡೆ ಸಮುದ್ರ, ಉಳಿದ ಕಡೆ ಗುಡ್ಡ, ಎಲ್ಲಿ ನೋಡಿದರೂ ಕುರಿ. ಹೆಂಡತಿ ನರ್ಸ್. ಅವಳ ಕೆಲಸದ ಹಿಂದೆ ನಾನೂ ಬಂದವನು.

ಬೆಳಿಗ್ಗೆ ಹತ್ತಕ್ಕೆ ಪಕ್ಕದ ಮನೆಯ ಮುದುಕ ಬಂದ. ಟೋಪಿ ತೆಗೆದು ಕೈ ಹಿಡಿದು, "ನಿಮ್ಮ ಕಷ್ಟ ಕೇಳಿ ಬೇಜಾರಾಯ್ತು" ಅಂದ. ಸಾವಿನ ಮನೆಯಲ್ಲಿ ಇಲ್ಲಿನವರು ಹೇಳುವುದು ಅಷ್ಟೇ. ಹಿಂದೆಯೇ ಒಬ್ಬೊಬ್ಬರಾಗಿ ಬಂದರು. ಯಾರೋ ಬ್ರೆಡ್ಡು ತಂದರು, ಯಾರೋ ಚಹಾ ಮಾಡಿದರು. ಅಪ್ಪನನ್ನು ನೋಡಿರದ ಜನ "ಅವರು ಹೇಗಿದ್ರು, ಹೇಳು" ಅಂತ ಕೂತರು.

ಅಪ್ಪನ ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆ ಹೇಳಿದೆ. ಇವತ್ತು ನಮ್ಮನೆ, ನಾಳೆ ನಿಮ್ಮನೆ. ಕೂಲಿ ಇಲ್ಲ, ಮುಯ್ಯಾಳು. ಮುದುಕನ ಮುಖ ಅರಳಿತು. "ನಮ್ಮಲ್ಲಿ ಅದಕ್ಕೆ ಮೆಹಲ್ ಅಂತೀವಿ" ಅಂದ. ಹುಲ್ಲು ಕೊಯ್ಯಲು, ಒಲೆಗೆ ಜೌಗುನೆಲದ ಮಣ್ಣು ಕಡಿದು ಒಣಗಿಸಲು ಹೀಗೇ ಸೇರುತ್ತಿದ್ದರಂತೆ. ಈಗ ಯಂತ್ರ ಬಂದಿದೆ. ಆದರೂ ಸಾವಿನ ಮನೆಗೆ ಜನ ಸೇರುತ್ತಾರೆ. ಜಿಲ್ಲೆಯ ರೇಡಿಯೊದಲ್ಲಿ ಸತ್ತವರ ಹೆಸರು ಓದುವಾಗ ಮನೆಯಲ್ಲಿ ಮಾತು ನಿಲ್ಲುತ್ತದೆ. ಊರಿನ ಫುಟ್‌ಬಾಲ್ ತಂಡದ ಹುಡುಗರು ಸಂಬಳವಿಲ್ಲದೆ ಊರಿಗಾಗಿ ಆಡುತ್ತಾರೆ.

ಇದನ್ನೆಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಇಲ್ಲಿಂದಲೂ ಮಕ್ಕಳು ಡಬ್ಲಿನ್‌ಗೆ, ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ. 1951ರಲ್ಲಿ ಜೇಮ್ಸ್ ಮೆಕ್‌ಡೈಯರ್ ಎಂಬ ಪಾದ್ರಿ ಇಲ್ಲಿಗೆ ಬಂದಾಗ ಕರೆಂಟಿರಲಿಲ್ಲ, ಊರು ಖಾಲಿಯಾಗುತ್ತಿತ್ತು. ಅವರು ಜನರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿದರು. ತರಕಾರಿ ಸಂಸ್ಕರಿಸುವ ಘಟಕ, ಹೆಣಿಗೆ ಕೆಲಸ ಶುರುವಾದವು. ಎಲ್ಲವೂ ಉಳಿಯಲಿಲ್ಲ. ಆದರೆ ಹಳೇ ಕಾಲದ ಹುಲ್ಲು ಮಾಡಿನ ಮನೆಗಳಂತೆ ಕಟ್ಟಿ 1967ರಲ್ಲಿ ತೆರೆದ ಜನಪದ ಹಳ್ಳಿ ಇವತ್ತಿಗೂ ಇದೆ. ಅದನ್ನು ನೋಡೋಕೆ ಹೊರಗಿನವರು ಬರುತ್ತಾರೆ, ಊರಿನ ಕೆಲವರಿಗೆ ಕೆಲಸ ಸಿಗುತ್ತದೆ.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. "ಹೊರೋಕೆ ಜನ ಸಿಕ್ಕಿದ್ರಾ?"

"ನಾಲ್ಕು ಜನ ಸಿಕ್ಕಿದ್ರು. ಭುಜ ಬದಲಾಯಿಸೋಕೆ ಇನ್ನೊಬ್ಬ ಇರಲಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಕೇರಿಯಿಂದ ಬೆಂಗಳೂರಿಗೆ ಹೋದವರನ್ನು ಲೆಕ್ಕ ಹಾಕಿದೆ. ಅವರಿಗಿಂತ ದೂರ ಹೋದವನು ನಾನೇ.

ಮುಯ್ಯಾಳು ಅಂದರೆ ಸಾಲ. ಬಂದವರ ಮನೆಗೆ ಹೋಗಲೇಬೇಕು. ಈ ಬೇಸಿಗೆಯಲ್ಲಿ ಮುದುಕನ ಕುರಿಗಳ ಉಣ್ಣೆ ಕತ್ತರಿಸುವ ದಿನ ಹೋಗಿ ಕುರಿ ಹಿಡಿದೆ. ಅವನ ಮುಯ್ಯಿ ಸ್ವಲ್ಪ ತೀರಿತು.

ಅಪ್ಪನನ್ನು ಹೊತ್ತ ಆ ನಾಲ್ವರ ಮುಯ್ಯಿ ಹಾಗೇ ಇದೆ. ಮುಂದಿನ ಕೊಯ್ಲಿಗೆ ರಜೆ ಕೇಳಿದ್ದೇನೆ.