ಕೆಂಪು ಬಸ್ಸಿಗೆ ಸೈ, ರೈಲಿಗೆ ಮಾತ್ರ ನೈ!

ಲಂಡನ್ನಿಗೆ ಕಾಲಿಟ್ಟ ಸಿನಿಮಾ ಹುಚ್ಚರಿಗೆ ಎರಡು ಹರಕೆ. ಒಂದು, ಕಿಂಗ್ಸ್ ಕ್ರಾಸ್ ನಿಲ್ದಾಣದ 'ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರಂ' ಬೋರ್ಡಿನ ಮುಂದೆ ಫೋಟೋ. (ಶೂಟಿಂಗ್ ನಡೆದದ್ದು ಮಾತ್ರ ಅಸಲಿ 4 ಮತ್ತು 5ನೇ ಪ್ಲಾಟ್‌ಫಾರಂಗಳ ನಡುವೆ!) ಇನ್ನೊಂದು, ಹ್ಯಾರಿ ಪಾಟರ್ ಚಿತ್ರಗಳು ತಯಾರಾದ ಲೀವ್ಸ್‌ಡೆನ್ ಸ್ಟುಡಿಯೋ. 2012ರಿಂದ ಅದು ಜನರಿಗೆ ತೆರೆದಿದೆ. ರೈಲಿನಲ್ಲಿ ಹೋದರೆ ಇಳಿಯಬೇಕಾದ್ದು ವಾಟ್‌ಫರ್ಡ್ ಜಂಕ್ಷನ್. ಪಾಸಿನ ಫಜೀತಿ ಶುರುವಾಗೋದೇ ಅಲ್ಲಿ!

ಲಂಡನ್ನಿನ ಪಾಸಿಗೆ 'ಟ್ರಾವೆಲ್‌ಕಾರ್ಡ್' ಅಂತ ಹೆಸರು. 1983ರಲ್ಲಿ ಹುಟ್ಟಿದಾಗ ಅದು ಬಸ್ಸಿಗೆ, ಸುರಂಗ ರೈಲಿಗೆ ಮಾತ್ರ. 1985ರಲ್ಲಿ ಬ್ರಿಟಿಷ್ ರೈಲನ್ನೂ ಸೇರಿಸಿ 'ಕ್ಯಾಪಿಟಲ್‌ಕಾರ್ಡ್' ಬಂತು. 1989ರಲ್ಲಿ ಎರಡೂ ಒಂದಾದವು. ಊರನ್ನು ಬಳೆಯೊಳಗೆ ಬಳೆ ಇಟ್ಟಂತೆ ವಲಯಗಳಾಗಿ ಹಂಚಿದ್ದಾರೆ. ನಟ್ಟನಡುವೆ 1, ಹೊರಕ್ಕೆ ಹೋದಂತೆ 6. ವಾಯವ್ಯದ ಕಡೆ ಮಾತ್ರ 9ರವರೆಗೆ.

ಈಗ ಯೂಸ್ಟನ್‌ನಲ್ಲಿ ಓವರ್‌ಗ್ರೌಂಡ್ ರೈಲು ಹತ್ತಿ. ಹ್ಯಾಚ್ ಎಂಡ್ 6ನೇ ವಲಯ, ಕಾರ್ಪೆಂಡರ್ಸ್ ಪಾರ್ಕ್ 7, ಬುಷಿ 8, ವಾಟ್‌ಫರ್ಡ್ ಹೈಸ್ಟ್ರೀಟ್ ಕೂಡ 8. ಮುಂದಿನ ಸ್ಟಾಪೇ ಜಂಕ್ಷನ್. ಅದು 9 ಅಂದುಕೊಂಡಿರಾ? ಅಲ್ಲ ಸ್ವಾಮಿ, ಅದು ಯಾವ ವಲಯಕ್ಕೂ ಸೇರಿಲ್ಲ! 1ರಿಂದ 9ರ ಪಾಸಿದ್ದರೂ ಅಲ್ಲಿ ನಡೆಯಲ್ಲ. ಜಂಕ್ಷನ್ ಸೇರಿಸಿ ಕೊಡುವ ಪಾಸೇ ಬೇರೆ. ಆದರೆ ದುಡ್ಡು ತುಂಬಿಸಿದ ಆಯ್‌ಸ್ಟರ್ ಕಾರ್ಡು ಅಲ್ಲಿ ನಡೆಯುತ್ತೆ. ಪಕ್ಕದವನು ಕಾರ್ಡು ತಾಗಿಸಿ ಆಚೆ ಹೋದದ್ದನ್ನು ನೋಡಿ, ನಮ್ಮ ಪಾಸೂ ನಡೆದೀತು ಅಂತ ಹೊಸಬ ನಂಬುತ್ತಾನೆ. ಟಿಕೆಟ್ ಕೇಳುವವರು ನಂಬಬೇಕಲ್ಲ! ದಂಡ 100 ಪೌಂಡ್. 21 ದಿನದೊಳಗೆ ಕಟ್ಟಿದರೆ ಅರ್ಧ.

ತಮಾಷೆ ಕೇಳಿ. ಯಾವ ವಲಯದ ಟ್ರಾವೆಲ್‌ಕಾರ್ಡ್ ಆದರೂ ಸರಿ, ಲಂಡನ್ನಿನ ಕೆಂಪು ಬಸ್ಸುಗಳಲ್ಲೆಲ್ಲ ನಡೆಯುತ್ತೆ. ಆ ಬಸ್ಸುಗಳಲ್ಲೇ 142 ಮತ್ತು 258ನೇ ನಂಬರಿನವು ಇದೇ ಜಂಕ್ಷನ್ನಿಗೆ ಹೋಗುತ್ತವೆ! 5ನೇ ವಲಯದವರೆಗೆ ಪಾಸಿದ್ದವನು ಸೌತ್ ಹ್ಯಾರೋ ತನಕ ಸುರಂಗ ರೈಲಲ್ಲಿ ಬಂದು 258 ಹತ್ತಿದರೆ ಒಂದು ಪೆನ್ನಿ ಹೆಚ್ಚಿಗೆ ಬೇಡ. ಅದೇ ಊರು, ಅದೇ ಪಾಸು. ಬಸ್ಸಲ್ಲಿ ಬಂದವನು ದೊರೆ, ರೈಲಲ್ಲಿ ಬಂದವನು ಕಳ್ಳ!

ಬಸ್ಸು ನಿಧಾನ, ಆತುರವಿದ್ದವರಿಗೆ ಆಗಿಬರಲ್ಲ. ಅಂಥವರು ಪಾಸನ್ನು ಆಯ್‌ಸ್ಟರ್ ಕಾರ್ಡಿಗೇ ಹಾಕಿಸಿ, ಮೇಲೆ ಒಂದಿಷ್ಟು ದುಡ್ಡನ್ನೂ ತುಂಬಿಸಿಡಲಿ. ಹೆಚ್ಚಿನ ದೂರದ ಛಾರ್ಜನ್ನು ಯಂತ್ರವೇ ಮುರಿದುಕೊಳ್ಳುತ್ತೆ. ಕಾಗದದ ಪಾಸಾದರೆ, ಪಾಸಿನ ಗಡಿಯಿಂದ ಮುಂದಕ್ಕೆ ಬೇಕಾದ ಟಿಕೆಟನ್ನು ರೈಲು ಹತ್ತುವ ಮುಂಚೆಯೇ ಕೊಳ್ಳಬೇಕು.

ಹೀಥ್ರೋ ವಿಮಾನ ನಿಲ್ದಾಣದಲ್ಲೂ ಇದೇ ಕಥೆ. 6ನೇ ವಲಯದವರೆಗಿನ ಪಾಸು ಪಿಕಾಡಿಲಿ ಲೈನಿಗೆ ಸರಿ, 2022ರಲ್ಲಿ ಶುರುವಾದ ಎಲಿಜಬೆತ್ ಲೈನಿಗೂ ಸರಿ. ಹೀಥ್ರೋ ಎಕ್ಸ್‌ಪ್ರೆಸ್‌ಗೆ ಮಾತ್ರ ಸುತರಾಂ ಇಲ್ಲ. ಆದ್ದರಿಂದ ಪಾಸು ಕೊಳ್ಳುವಾಗ 'ಯಾವ ಊರಿಗೆ?' ಅಂತಷ್ಟೇ ಕೇಳಿದರೆ ಸಾಲದು, 'ಯಾವ ಗಾಡಿಗೆ?' ಅಂತಲೂ ಕೇಳಿ. ಸ್ಟುಡಿಯೋ ಟಿಕೆಟ್ಟು ಬಾಗಿಲಲ್ಲಿ ಸಿಗೋದಿಲ್ಲ. ಮುಂಗಡ ಬುಕ್ ಮಾಡಿ, ಕೊಟ್ಟ ಹೊತ್ತಿಗೆ ಹಾಜರಾಗಬೇಕು. ಸ್ಟೇಷನ್ ಗೇಟಿನಲ್ಲಿ ಜಗಳ ಆಡುತ್ತ ನಿಂತರೆ ಇಲ್ಲಿ ಹ್ಯಾರಿ ಪಾಟರ್ ಕಾಯೋದಿಲ್ಲ!